ನಿಮ್ಮ ತಟ್ಟೆಯ ಕಿರ್ದಿ ಬರೆಯಿರಿ

“ಸುಸ್ತಿಗೆ ಏನಾದರೂ ಕೊಡಿ ಸ್ವಾಮಿ.” ಸಂಜೆ ಪಾಳಿ ಬಿಡುವ ಹೊತ್ತಿನಲ್ಲಿ ಪಾಂಡವಪುರದ ಔಷಧದ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತವರ ಕಿವಿಗೆ ಈ ಮಾತು ಬೀಳದೆ ಇರದು. ಕೇಳುವವನು ಮಿಲ್ಲಿನ ಕೆಲಸಗಾರ. ಇಲ್ಲವೆ ಬೆಳಗಿನ ಏಳರಿಂದ ರಾತ್ರಿ ಒಂಬತ್ತರವರೆಗೆ ಗಲ್ಲದ ಮುಂದೆ ಕೂತು ಬೆನ್ನು ಬಾಗಿಸಿಕೊಂಡ ಸಣ್ಣ ವರ್ತಕ. ಅಂಗಡಿಯವರು ಬಣ್ಣದ ಸೀಸೆಯನ್ನೋ ಒಂದು ಪಟ್ಟಿ ಮಾತ್ರೆಯನ್ನೋ ಎತ್ತಿಕೊಡುತ್ತಾರೆ. ಅಂದಿನ ದುಡಿಮೆಯಲ್ಲಿ ಒಂದು ಪಾಲು ಅಲ್ಲಿಗೆ ಮುಗಿಯಿತು. ಸುಸ್ತು ಮಾತ್ರ ಮುಂದಿನ ವಾರವೂ ಇದ್ದಲ್ಲಿಯೇ ಇರುತ್ತದೆ.

ಈತ ಉಪವಾಸ ಬಿದ್ದವನಲ್ಲ. ಎರಡು ಹೊತ್ತು ತಟ್ಟೆ ತುಂಬ ಅನ್ನ ಉಣ್ಣುತ್ತಾನೆ. ಆದರೆ ಹಸಿವಿನಲ್ಲಿ ಎರಡು ಬಗೆಯುಂಟು. ಹೊಟ್ಟೆಯ ಹಸಿವು ಕೂಗುತ್ತದೆ, ಎಲ್ಲರಿಗೂ ಕೇಳಿಸುತ್ತದೆ. ರಕ್ತದ, ಎಲುಬಿನ, ಕಣ್ಣಿನ, ನರದ ಹಸಿವು ಕೂಗುವುದಿಲ್ಲ. ಒಳಗೊಳಗೇ ಆಳನ್ನು ತಿನ್ನುತ್ತದೆ. ಜೀವಸತ್ತ್ವ, ಖನಿಜ ಎಂದು ವೈದ್ಯರು ಕರೆಯುವ ಪದಾರ್ಥಗಳು ದಿನಕ್ಕೆ ಬೇಕಾಗುವುದು ಚಿಟಿಕೆಯಷ್ಟು. ಆ ಚಿಟಿಕೆ ಇಲ್ಲವಾದರೆ ಸೇರುಗಟ್ಟಲೆ ಅನ್ನವೂ ಅದರ ಕೆಲಸ ಮಾಡಲಾರದು.

ಇದು ಎಲ್ಲೋ ದೂರದ ಮಾತಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇಕಡ 44.8 ಮಂದಿ ರಕ್ತಹೀನರೆಂದು ಕಂಡುಬಂದಿತ್ತು. 2019-21ರ ಸಮೀಕ್ಷೆಯಲ್ಲಿ ಅದು 47.8ಕ್ಕೆ ಏರಿತು. ಐದು ವರ್ಷದೊಳಗಿನ ಮಕ್ಕಳಲ್ಲಿ 60.9 ಇದ್ದದ್ದು 65.5 ಆಯಿತು. ಇಳಿಯಬೇಕಾದ ಅಂಕಿ ಏರಿದೆ. ಅಕ್ಕಿ ಅಗ್ಗವಾಗಿ, ಮನೆಮನೆಗೂ ಮುಟ್ಟಿದ ವರ್ಷಗಳಲ್ಲಿಯೇ ಹೀಗಾಯಿತೆಂಬುದನ್ನು ನಾವು ಗಮನಿಸಬೇಕು.

ನಮ್ಮ ಸೀಮೆಯ ಊಟ ಹೇಗಿತ್ತು, ಹೇಗಾಯಿತು? 1930ರ ದಶಕದ ಮೊದಲಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಬೆದ್ದಲು ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ನೀರು ಬಂದದ್ದು ತಪ್ಪೆನ್ನುವ ಮೂರ್ಖತನ ನಮಗಿಲ್ಲ; ಆ ನೀರಿನಿಂದಲೇ ಈ ಜಿಲ್ಲೆಯ ಜನ ತಲೆಯೆತ್ತಿದರು. ಆದರೆ ಹೊಲದಿಂದ ರಾಗಿ ಹೋದಾಗ ರಾಗಿಯೊಂದೇ ಹೋಗಲಿಲ್ಲ. ಅದರ ಸಾಲಿನಲ್ಲಿ ತಾನಾಗಿ ಏಳುತ್ತಿದ್ದ ಅಣ್ಣೆಸೊಪ್ಪು, ಕೀರೆ, ಗಣಿಕೆ, ಹೊನಗೊನ್ನೆ, ಕಾಸಿಲ್ಲದೆ ಮಡಿಲು ತುಂಬುತ್ತಿದ್ದ ಬೆರಕೆ ಸೊಪ್ಪು ಕೂಡ ಹೋಯಿತು. ಉಳಿದ ಬದುವಿನ ಸೊಪ್ಪಿಗೂ ಕಳೆನಾಶಕ ಬಿದ್ದಿದೆ. ನಾಗಮಂಗಲ, ಕೆ. ಆರ್. ಪೇಟೆಯ ಮಳೆಯಾಶ್ರಯದ ಹಳ್ಳಿಗಳಲ್ಲಿ ರಾಗಿ ಇನ್ನೂ ನಿಂತಿದೆ. ಆದರೆ ಆ ಹಳ್ಳಿಗಳಿಂದಲೇ ಪಾಳಿ ಕೆಲಸಕ್ಕೆ ಬರುವ ಹುಡುಗರ ಡಬ್ಬಿ ಬಿಚ್ಚಿದರೆ ಅದರಲ್ಲಿ ಚಿತ್ರಾನ್ನ ಕಾಣುತ್ತದೆ.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ನಡೆದು, ಆರು ತಿಂಗಳ ಸೆರೆಯ ಬಳಿಕ ಗೆದ್ದದ್ದು ರಾಗಿ. ಆ ತೀರ್ಪಿಗೆ ಇಂದಿನ ಅಂಕಿಗಳ ಬೆಂಬಲವೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಸುಮಾರು 350 ಮಿಲಿಗ್ರಾಂ. ನೂರು ಗ್ರಾಂ ಮಿಲ್ಲಿನ ಬಿಳಿ ಅಕ್ಕಿಯಲ್ಲಿ ಹತ್ತಕ್ಕೂ ಹೆಚ್ಚಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಬೆಳೆದ ಆಳಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000 ಮಿಲಿಗ್ರಾಂ. ಕಬ್ಬಿಣ ಗಂಡಸಿಗೆ 19, ಹೆಂಗಸಿಗೆ 29 ಮಿಲಿಗ್ರಾಂ. ದಿನಕ್ಕೆ ಎರಡು ಹಿಟ್ಟು (ನಮ್ಮ ಕಡೆ ಮುದ್ದೆಗೆ ಹಿಟ್ಟೆಂದೇ ಹೆಸರಷ್ಟೆ) ಉಂಡವನಿಗೆ, ಇನ್ನೂರು ಗ್ರಾಂ ರಾಗಿ ಎಂದರೂ, ಕ್ಯಾಲ್ಸಿಯಂ ಮೂರರಲ್ಲಿ ಎರಡು ಪಾಲು ಬಂತು. ಅದೇ ಮುಕ್ಕಾಲು ಕಿಲೋ ಅಕ್ಕಿಯ ಅನ್ನ ಉಂಡರೂ 80 ಮಿಲಿಗ್ರಾಂ ದಾಟದು. ಕಬ್ಬಿಣವೂ ಐದಾರು ಮಿಲಿಗ್ರಾಮಿನಲ್ಲಿ ನಿಂತುಹೋಗುತ್ತದೆ.

ಇಲ್ಲಿ ಮಿಲ್ಲಿನ ಬಂಧುಗಳಿಗೆ ಒಂದು ಮಾತು. ಭತ್ತದಿಂದ ಏನು ಕಳಚಿ ಹೋಗುತ್ತದೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಾರು? ನಿಮ್ಮ ಕೈಯಿಂದಲೇ ಚೀಲಗಟ್ಟಲೆ ತೌಡು ಹೊರಗೆ ಸಾಗುತ್ತದೆ. ಅಕ್ಕಿಯ ಬಿ ಜೀವಸತ್ತ್ವದ ಬಹುಪಾಲು ಆ ತೌಡಿನಲ್ಲಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯ, ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ ಪಾಲಿಷ್ ಮಾಡದ ಅಕ್ಕಿ ಹಾಕಿದರೆ ಅವು ಮತ್ತೆ ಎದ್ದು ನಡೆಯುವುದನ್ನೂ ಕಂಡ. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಸಕ್ಕರೆಯ ಕಥೆಯೂ ಬೇರೆಯಲ್ಲ. ಕಬ್ಬಿನ ರಸದ ಖನಿಜವೆಲ್ಲ ಕಾಕಂಬಿಯ ಪಾಲು. ಕಾಕಂಬಿ ಸಾರಾಯಿ ಬಟ್ಟಿಗೆ ಹೋಗುತ್ತದೆ. ಚೀಲದಲ್ಲಿ ಉಳಿಯುವುದು ಬರಿಯ ಸಿಹಿ. ಸಕ್ಕರೆಗಿಂತ ಬೆಲ್ಲ ಮೇಲು ನಿಜ. ಹಾಗೆಂದು ಬೆಲ್ಲವನ್ನೇ ಔಷಧವೆಂದು ನಂಬಬೇಡಿ: ದಿನಕ್ಕೊಂದು ಸಣ್ಣ ಅಚ್ಚಿನ ಚೂರಿನಿಂದ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗುವುದಿಲ್ಲ. ಗಿರಾಕಿ ಬಿಳುಪು ಬೆಲ್ಲ ಕೇಳುತ್ತಾನೆಂದು ಆಲೆಮನೆಗಳು ಹೈಡ್ರೋಸ್ ಸುರಿಯುತ್ತವೆ. ಕಪ್ಪು ಬೆಲ್ಲವನ್ನೇ ಕೇಳಿ ಪಡೆಯುವುದು ಗಿರಾಕಿಗೂ ವರ್ತಕನಿಗೂ ಒಳ್ಳೆಯದು.

ಹಾಗಾದರೆ ನನ್ನ ಮೈಯಲ್ಲಿ ಯಾವುದು ಕಡಿಮೆಯಾಗಿದೆಯೆಂದು ತಿಳಿಯುವುದು ಹೇಗೆ? ಔಷಧದ ಅಂಗಡಿಗೆ ಹೋಗುವ ಮುಂಚೆ ಒಂದು ಎರಡು ರೂಪಾಯಿಯ ಕಾಗದ ತೆಗೆದುಕೊಳ್ಳಿ. ವರ್ತಕರಿಗೆ ಕಿರ್ದಿ ಬರೆಯುವುದನ್ನು ಕಲಿಸಬೇಕಾಗಿಲ್ಲ. ದಿನದ ಕೊನೆಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆಯುವ ಹಾಗೆಯೇ ತಟ್ಟೆಗೆ ಬಂದದ್ದನ್ನು ಏಳು ದಿನ ಬರೆದಿಡಿ. ರಾಗಿ ಎಷ್ಟು ಹೊತ್ತು, ಅನ್ನ ಎಷ್ಟು ಹೊತ್ತು. ಬೇಳೆ, ಕಾಳು ಕಣ್ಣಿಗೆ ಕಾಣುವಷ್ಟು ಇತ್ತೋ, ಬರಿಯ ತಿಳಿಯೋ. ಹಸಿರು ಸೊಪ್ಪು ಯಾವ ದಿನ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಎಷ್ಟು ಸಲ. ಹಣ್ಣೋ ನಿಂಬೆಯೋ ನೆಲ್ಲಿಯೋ ನಾಲಗೆಗೆ ಮುಟ್ಟಿತೆ. ಟೀ ಎಷ್ಟು ಲೋಟ, ಊಟದ ಜತೆಗೋ ಬೇರೆಯೋ. ಬಿಸಿಲಿಗೆ ಮೈಯೊಡ್ಡಿದ್ದು ಎಷ್ಟು ಹೊತ್ತು. ರಾತ್ರಿ ಪಾಳಿ ಮುಗಿಸಿ ಹಗಲೆಲ್ಲ ಮಲಗುವವರು ಇದನ್ನು ಮರೆಯದೆ ಬರೆಯಬೇಕು, ಏಕೆಂದರೆ ಡಿ ಜೀವಸತ್ತ್ವ ತಟ್ಟೆಗಿಂತ ಹೆಚ್ಚಾಗಿ ಬಿಸಿಲಿನಿಂದ ಬರುವಂಥದು.

ಹೆಂಡತಿಯ ತಟ್ಟೆಗೆ ಬೇರೆ ಹಾಳೆಯಿಡಿ. ಇದನ್ನು ಒತ್ತಿ ಹೇಳುತ್ತೇವೆ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಉಳಿದ ತಿಳಿಸಾರು ಯಾರ ಅನ್ನಕ್ಕೆ ಬೀಳುತ್ತದೆಂಬುದು ನಮಗೆಲ್ಲ ತಿಳಿದಿದೆ. ಕಬ್ಬಿಣ ಹೆಚ್ಚು ಬೇಕಾದದ್ದು ಆಕೆಗೆ, ಕಾಳು ಹೆಚ್ಚು ಬೀಳುವುದು ಗಂಡನ ತಟ್ಟೆಗೆ. ಸಂಘದ ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ ಮನೆಗೆ ಹೋಗುವ ಗೆಳೆಯರು ಆ ಹಾಳೆಯನ್ನು ತಾವೇ ಕೂತು ಬರೆಯಲಿ.

ಏಳು ದಿನ ಕಳೆದ ಮೇಲೆ ಹಾಳೆಯಲ್ಲಿ ಎಲ್ಲಿ ಖಾಲಿಯಿದೆ ನೋಡಿ. ಬಳಿಕ ಮೈಯನ್ನು ನೋಡಿ. ಸೊಪ್ಪು, ಕಾಳು, ಮಾಂಸದ ಕಡೆ ಖಾಲಿಯಿದ್ದು, ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಕಬ್ಬಿಣದ ಕೊರತೆಯಿರಬಹುದು. ಹಸಿ ಅಕ್ಕಿ, ಮಣ್ಣು, ಬಳಪ ತಿನ್ನುವ ಚಪಲವೂ ಅದರದೇ ಗುರುತು. ಈ ಅಂಕಣ ಬರೆಯುವವನು ಮೇಷ್ಟರಾಗಿದ್ದ ಕಾಲದಲ್ಲಿ ಬಳಪ ತಿನ್ನುವ ಮಕ್ಕಳನ್ನು ಗದರಿಸಿ ಬಾಗಿಲಾಚೆ ನಿಲ್ಲಿಸಿದ್ದುಂಟು. ಆ ಮಗುವಿಗೆ ಬೇಕಾಗಿದ್ದದ್ದು ಶಿಕ್ಷೆಯಲ್ಲ, ಆಸ್ಪತ್ರೆಯ ಕಬ್ಬಿಣದ ಮಾತ್ರೆ ಎಂದು ತಿಳಿದದ್ದು ತಡವಾಗಿ. ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಹಾಳೆಯವನಿಗೆ ಅಂಗಾಲು ಜುಮ್ಮೆನ್ನುತ್ತಿದ್ದರೆ ಬಿ-12ರ ಮೇಲೆ ಸಂಶಯ ಪಡಬೇಕು. ಅದು ಯಾವ ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಇಲ್ಲ. ಬಾಯ ಕೊನೆ ಒಡೆದು ನಾಲಗೆ ಉರಿದರೆ ಬಿ ಗುಂಪಿನ ಕೊರತೆ. ವಸಡಿನಲ್ಲಿ ರಕ್ತ ಬರುವುದಕ್ಕೆ ಸಿ ಜೀವಸತ್ತ್ವದ ಕೊರತೆಯೂ ಒಂದು ಕಾರಣ. ಮುಸ್ಸಂಜೆಯಲ್ಲಿ ಮಗು ತಡವರಿಸಿ ನಡೆದರೆ ತಡಮಾಡಬೇಡಿ. ಅದು ಎ ಜೀವಸತ್ತ್ವವಿಲ್ಲದ ಇರುಳುಗುರುಡು ಆಗಿರಬಹುದು, ಬೆಳೆಯಲು ಬಿಟ್ಟರೆ ಕಣ್ಣೇ ಹೋಗುತ್ತದೆ.

ಇವೆಲ್ಲ ಗುರುತುಗಳೇ ಹೊರತು ತೀರ್ಪಲ್ಲ. ಸುಸ್ತು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ, ಕ್ಷಯದಿಂದಲೂ ಬರುತ್ತದೆ. ಬರಿಗಾಲಿನಲ್ಲಿ ಗದ್ದೆ ತುಳಿಯುವವರ ಕರುಳಿನಲ್ಲಿ ಕೊಕ್ಕೆಹುಳ ಸೇರಿ ರಕ್ತ ಹೀರುತ್ತಿದ್ದರೆ ಎಷ್ಟು ಸೊಪ್ಪು ತಿಂದರೂ ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ. ಆದುದರಿಂದ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಗಂಡಸಿಗೆ 13, ಹೆಂಗಸಿಗೆ 12, ಬಸುರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಬಸುರಿಯರಿಗೆ ಆರು ತಿಂಗಳ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆ, ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಸರಕಾರವೇ ಕೊಡಬೇಕಾದದ್ದು. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆಯನ್ನು ಹಿತ್ತಲಿಗೆ ಎಸೆಯಬೇಡಿ; ಹಾಗಾಗುವುದು ಸಹಜ. ಮಾತ್ರೆಯ ಪಟ್ಟಿ ಮಾತ್ರ ಸಣ್ಣ ಮಕ್ಕಳ ಕೈಗೆಟುಕಬಾರದು. ಒಮ್ಮೆಗೇ ಹೆಚ್ಚು ನುಂಗಿದ ಮಗುವಿಗೆ ಕಬ್ಬಿಣ ವಿಷ. ವೈದ್ಯರ ಚೀಟಿಯಿಲ್ಲದೆ ಎ, ಡಿ ಮಾತ್ರೆಗಳನ್ನು ಶಕ್ತಿಗೆಂದು ನುಂಗುವುದೂ ಅಪಾಯ; ಹೆಚ್ಚಾದದ್ದು ಮೈಯಲ್ಲಿಯೇ ಉಳಿದು ಕೆಡುಕು ಮಾಡುತ್ತದೆ.

ಈಗ ಹಾಳೆಯ ಖಾಲಿ ಜಾಗಗಳಿಗೆ ಬರೋಣ. ಕೆಲವನ್ನು ಇವತ್ತು ರಾತ್ರಿಯೇ ತುಂಬಬಹುದು. ಊಟವಾದ ಕೂಡಲೆ ಟೀ ಕುಡಿಯುವುದನ್ನು ಬಿಟ್ಟು ಒಂದು ಗಂಟೆ ತಡೆಯಿರಿ. ಟೀಯ ಒಗರು ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡದು. ಬಸ್ಸಾರಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದೇ ಕಬ್ಬಿಣ ಹೆಚ್ಚು ಹತ್ತುತ್ತದೆ. ರಾಗಿಯಲ್ಲಿಯೂ ಒಗರುಂಟು, ಅದರ ಕಬ್ಬಿಣವೆಲ್ಲ ದಕ್ಕುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ದಕ್ಕುವುದು ಹೆಚ್ಚು. ಕೂಸುಗಳಿಗೆ ರಾಗಿ ಸರಿ ಮಾಡುತ್ತಿದ್ದ ನಮ್ಮ ಅಜ್ಜಿಯರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಹಿತ್ತಲಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟರೆ ವರ್ಷವಿಡೀ ಸೊಪ್ಪು. ಹುರುಳಿಯನ್ನು ದನದ ಕಾಳೆಂದು ಹೀಗಳೆಯುವ ಹೊಸ ಠೀವಿ ನಮಗೆ ಬೇಡ. ಎಮ್ಮೆ, ಹಸು ಕಟ್ಟಿರುವ ಮನೆಯವರು ಕರೆದ ಹಾಲನ್ನೆಲ್ಲ ಡೈರಿಗೆ ಸುರಿದು ಮಕ್ಕಳಿಗೆ ಕರಿಟೀ ಕೊಡುವುದನ್ನು ಹಳ್ಳಿ ಹಳ್ಳಿಯಲ್ಲಿ ಕಾಣುತ್ತೇವೆ. ಅಳೆಯುವ ಮೊದಲು ಮಗುವಿಗೊಂದು ಲೋಟ ಎತ್ತಿಡಿ. ವರ್ತಕ ಮಿತ್ರರು ಅಯೋಡಿನ್ ಉಪ್ಪಿನ ಚೀಲವನ್ನು ಬಿಸಿಲು, ತೇವದಲ್ಲಿ ಬಾಯಿ ಬಿಚ್ಚಿಡಬಾರದು, ಅಯೋಡಿನ್ ಹಾರಿಹೋಗುತ್ತದೆ.

ನ್ಯಾಯಬೆಲೆ ಅಂಗಡಿಯ ಅಕ್ಕಿಯ ಬಗೆಗೆ ಹಬ್ಬಿರುವ ಒಂದು ಸುಳ್ಳನ್ನೂ ಇಲ್ಲಿಯೇ ಮುಗಿಸೋಣ. 2021ರ ಆಗಸ್ಟ್ 15ರಂದು ಪ್ರಧಾನಿ ಸಾರವರ್ಧಿತ ಅಕ್ಕಿಯನ್ನು ಘೋಷಿಸಿದ ಮೇಲೆ, ನೂರು ಕಾಳಿಗೆ ಒಂದರಂತೆ ಬೆರಸಿದ ಬೇರೆ ಬಣ್ಣದ ಕಾಳನ್ನು ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆದವರುಂಟು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಕಾಳಿನಂತೆ ಒತ್ತಿದ್ದು. ಥಲಸೀಮಿಯದಂಥ ರಕ್ತದ ಕಾಯಿಲೆಯವರು ವೈದ್ಯರನ್ನು ಕೇಳಲಿ. ಮಿಕ್ಕವರು ಆರಿಸಿ ಎಸೆಯಬೇಕಾಗಿಲ್ಲ. ಆದರೆ ತೌಡಿನ ಜತೆ ಹೊರಗೆ ಹಾಕಿದ ಕಬ್ಬಿಣವನ್ನು ಕಾರ್ಖಾನೆಯಲ್ಲಿ ಪುಡಿಯಾಗಿ ಮರಳಿ ಸೇರಿಸುವುದಕ್ಕಿಂತ, ಕಬ್ಬಿಣ, ಸುಣ್ಣ ಎರಡೂ ಇರುವ ರಾಗಿಯನ್ನೇ ಕೊಡುವುದು ನೇರವಾದ ದಾರಿಯೆಂದು ನಾವು ಹೇಳದೆ ವಿಧಿಯಿಲ್ಲ. ಮಂಡ್ಯದ ವಿ. ಸಿ. ಫಾರಮಿನಲ್ಲಿ ‘ರಾಗಿ’ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಜಿಲ್ಲೆ ಇದು. ಇಲ್ಲಿನ ಚೀಟಿದಾರ ವರ್ಷದ ಹನ್ನೆರಡು ತಿಂಗಳೂ ರಾಗಿ ಕೇಳಿದರೆ ಅತಿಯಾಸೆಯೆ? 2025ರ ಅಕ್ಟೋಬರಿನಲ್ಲಿ ರಾಜ್ಯದ ಮಂತ್ರಿಮಂಡಲ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವ ತೀರ್ಮಾನ ಮಾಡಿತು. ಬೇಳೆ, ಎಣ್ಣೆಯನ್ನು ಸ್ವಾಗತಿಸುತ್ತೇವೆ. ಸಕ್ಕರೆ ಏತಕ್ಕೆ? ಸಕ್ಕರೆಯ ಸೀಮೆಯವರಾಗಿಯೇ ಕೇಳುತ್ತಿದ್ದೇವೆ.

ಹಾಳೆಯಲ್ಲಿ ಇನ್ನೂ ಕೆಲವು ಖಾಲಿ ಜಾಗಗಳಿವೆ. ಅವನ್ನು ನಿಂಬೆಹಣ್ಣಿನಿಂದ ತುಂಬಲಾಗದು. ಹಾಲು, ಮೊಟ್ಟೆ, ಬೇಳೆ, ಹಣ್ಣು ಇವಕ್ಕೆ ಕಾಸು ಬೇಕು. ಸಂಬಳ ನಿಂತಾಗ ಮನೆಯಲ್ಲಿ ಮೊದಲು ನಿಲ್ಲುವುದು ಅಕ್ಕಿಯಲ್ಲ, ಇವೇ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈ ಸೇರಿತಷ್ಟೆ. ಮುಚ್ಚಿದ್ದ ಆ ಕಾಲದ ಅಡುಗೆಮನೆಗಳ ಸಂಗತಿಯನ್ನು ಕಾರ್ಮಿಕರ ಮನೆಯವರನ್ನೇ ಕೇಳಿ.

ಸುಮಾರು ನೂರು ವರ್ಷದ ಕೆಳಗೆ ಇದೇ ಪ್ರಶ್ನೆ ಮುಂಬಯಿಯಲ್ಲಿ ಎದ್ದಿತ್ತು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ರಕ್ತ ಬತ್ತಿ ಸಾಯುತ್ತಿದ್ದರು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಅದರ ಕಾರಣ ಹುಡುಕಲು ಬಂದಳು. ರೋಗಾಣು ಹುಡುಕಿದಳು, ಸಿಗಲಿಲ್ಲ. ಆಗ ಅವರ ತಟ್ಟೆಯನ್ನು ನೋಡಿದಳು: ಹಣ್ಣಿಲ್ಲ, ತರಕಾರಿಯಿಲ್ಲ, ಹಾಲಿಲ್ಲ. ಹುದುಗಿನ ಸಾರ ತಿನ್ನಿಸಿದಾಗ ರಕ್ತ ಮರಳಿ ಕೂಡಿತು. 1931ರಲ್ಲಿ ಅದನ್ನು ಪ್ರಕಟಿಸಿದಳು. ಆ ಸಾರದಲ್ಲಿದ್ದ ಪದಾರ್ಥವನ್ನು 1941ರಲ್ಲಿ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಅಮೆರಿಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇಂದು ನಮ್ಮ ಬಸುರಿಯರು ನುಂಗುವ ಕೆಂಪು ಮಾತ್ರೆಯ ಹಿಂದೆ ಆ ಗಿರಣಿಯ ಹೆಣ್ಣುಮಕ್ಕಳ ರಕ್ತವಿದೆ. ಅವರ ರೋಗ ಕೂಲಿಯ ರೋಗವಾಗಿತ್ತು.

ನಮ್ಮ ದೇಶದ ಕಾರ್ಮಿಕ ಚಳವಳಿ ಇದನ್ನು ಮರೆಯಲಿಲ್ಲ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಪ್ಪಿದ ಕನಿಷ್ಠ ಕೂಲಿಯ ಲೆಕ್ಕ ಶುರುವಾಗುವುದೇ ಊಟದಿಂದ. ಕೂನೂರಿನ ಪೋಷಣ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಡಾ. ಐಕ್‌ರಾಯ್ಡ್ ಅವರ ಶಿಫಾರಸಿನಂತೆ ಒಬ್ಬ ಆಳಿಗೆ 2,700 ಕ್ಯಾಲೊರಿ, ಒಂದು ಸಂಸಾರಕ್ಕೆ ಮೂರು ಆಳಿನ ಲೆಕ್ಕ. ಮೇಲೆ ಬಟ್ಟೆ, ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ವಿದ್ಯೆ, ಔಷಧ ಮುಂತಾದವಕ್ಕೆ ಇನ್ನೊಂದು ನೂರಕ್ಕೆ 25 ಸೇರಿಸಬೇಕೆಂದಿತು. ಆದರೆ ಮಾತುಕತೆಯ ಮೇಜಿನಲ್ಲಿ ಮಾಲೀಕರ ಗುಮಾಸ್ತ ಹಿಡಿದುಕೊಳ್ಳುವುದು 2,700 ಎಂಬ ಒಂದೇ ಅಂಕಿಯನ್ನು. ಮುಕ್ಕಾಲು ಕಿಲೋ ಅಕ್ಕಿಗೆ ಸ್ವಲ್ಪ ಸಕ್ಕರೆ ಕೂಡಿಸಿದರೆ ಆ ಅಂಕಿ ತುಂಬಿತು! ಕ್ಯಾಲೊರಿ ತುಂಬಿದ ಆ ತಟ್ಟೆಯಲ್ಲಿ ಕಬ್ಬಿಣ ಕಾಲು ಪಾಲು, ಸುಣ್ಣ ಹತ್ತರಲ್ಲೊಂದು ಪಾಲೂ ಇಲ್ಲವೆಂಬುದನ್ನು ಮೇಲೆ ನೋಡಿದೆವು. ಐಕ್‌ರಾಯ್ಡರು ಹೇಳಿದ ಊಟದಲ್ಲಿ ಬೇಳೆ, ಸೊಪ್ಪು, ತರಕಾರಿ, ಹಾಲು ಎಲ್ಲವೂ ಇದ್ದವು. ಕೂಲಿಯ ಲೆಕ್ಕದಲ್ಲಿ ಅವನ್ನೂ ಬೆಲೆ ಕಟ್ಟಿ ಬರೆಯಬೇಕೆಂದು ಸಂಘಗಳು ಕೇಳಬೇಕು. ಕೇಳುವುದಕ್ಕೆ ಸಾಕ್ಷಿ ಬೇಕು.

ಕ್ಯಾಂಟೀನಿನ ಮಾತೂ ಇದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಕ್ಯಾಂಟೀನ್ ನಡೆಸಬೇಕೆಂದಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿತು. ಗುತ್ತಿಗೆಯಾಳುಗಳೂ ಅದರಲ್ಲಿ ಸೇರುತ್ತಾರೆ. ಆ ಸಂಹಿತೆಯಲ್ಲಿ ನಾವು ಮೆಚ್ಚುವ ಅಂಶಗಳು ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು. ಬೋಂಡ, ಟೀ ಮಾರುವ ಕಟ್ಟೆಯನ್ನೇ ಕ್ಯಾಂಟೀನ್ ಎಂದು ತೋರಿಸಿ ಕೈ ತೊಳೆದುಕೊಳ್ಳಲು ಬಿಡಬಾರದು. ಒಂದು ಹಿಟ್ಟು, ಕಾಳಿನ ಸಾರು, ಒಂದು ಮೊಟ್ಟೆ ಅಥವಾ ಒಂದು ಲೋಟ ಮಜ್ಜಿಗೆ: ಪಾಳಿಗೊಂದು ಇಂಥ ಊಟ ಕೇಳುವುದು ಭಿಕ್ಷೆಯಲ್ಲ.

ಆದುದರಿಂದ ಬಂಧುಗಳೆ, ಏಳು ದಿನದ ಹಾಳೆ ಬರೆದು ಪತ್ರಿಕೆಯ ಕಚೇರಿಗೆ ಮುಟ್ಟಿಸಿ. ಹೆಸರು ಬೇಡ, ಕಾರ್ಖಾನೆಯ ಹೆಸರೂ ಬೇಡ. ಮನೆಯಲ್ಲಿ ಎಷ್ಟು ಮಂದಿ, ದುಡಿಯುವವರೆಷ್ಟು, ವಾರದ ವರಮಾನವೆಷ್ಟು ಎಂಬುದನ್ನು ಹಾಳೆಯ ತಲೆಯ ಮೇಲೆ ಬರೆದರೆ ಸಾಕು. ಅಂಗಡಿಯವರೂ ಬರೆಯಲಿ, ಬನ್ನು, ಟೀಯಲ್ಲಿ ಹಗಲು ಕಳೆಯುವ ಅವರ ಹಾಳೆ ಮಿಲ್ಲಿನವರ ಹಾಳೆಗಿಂತ ಮೇಲಿರಲಾರದೆಂದು ನಮ್ಮ ಊಹೆ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಲಿ. ಬಂದ ಹಾಳೆಗಳನ್ನು ಕೂಡಿಸಿ ಲೆಕ್ಕ ಮಾಡಿ ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ. ಕೂಲಿಯ ಮಾತುಕತೆಗೆ ಹೋಗುವ ಸಂಘದವರ ಕೈಗೂ ಒಂದು ಪ್ರತಿ ಕೊಡುತ್ತೇವೆ.